ಚಪ್ಪರದ ನೆರಳಿನಲ್ಲಿದ್ದ ಮುಖ

ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು "ಇದನ್ನೇ ದೊಡ್ಡದಾಗಿ ಮಾಡ್ಕೊಡಿ ಅಕ್ಕಾ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಲಹಂಕದ ಹಳೇ ಊರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಫೋಟೋ ಪ್ರಿಂಟಿಂಗ್ ಅಂಗಡಿ ಇದೆ. ಫ್ಯಾಮಿಲಿ ಗ್ರೂಪಿನಿಂದ ಫ್ಯಾಮಿಲಿ ಗ್ರೂಪಿಗೆ ಹಾರಿ ಹಾರಿ ಸೊರಗಿದ ಫೋಟೋ ತಂದು ಗೋಡೆಯಷ್ಟು ಮಾಡಿಕೊಡಿ ಅನ್ನುತ್ತಾರೆ. ಮಾಡಿಕೊಟ್ಟರೆ, "ಯಾಕಕ್ಕಾ ಮುಖ ಎಲ್ಲ ಚೌಕ ಚೌಕ ಆಗಿದೆ, ನಿಮ್ ಮಿಷನ್ ಸರಿ ಇಲ್ವಾ?" ಅಂತ ನನ್ನನ್ನೇ ಕೇಳುತ್ತಾರೆ. ಆ ದಿನ ಬಂದವನೂ ಹಾಗೇ ಬಂದ.

ಪರಿಚಯದ ಮುಖವೇ. ಇಲ್ಲಿನ ಹಳೇ ಬೇಸಾಯದ ಮನೆಯ ಮಗ, ಈಗ ಬಿಲ್ಡರ್. ಇವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವತ್ತು ಅಪಾರ್ಟ್‌ಮೆಂಟುಗಳಿವೆ. ಹುಟ್ಟುಹಬ್ಬ ಬಂದರೆ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ನಿಲ್ಲುವಂಥ ಮನುಷ್ಯ.

"ಎರಡಡಿಗೆ ಮೂರಡಿ ಬೇಕು ಅಕ್ಕಾ. ಇನ್ನೂ ದೊಡ್ಡದಾದ್ರೂ ಪರ್ವಾಗಿಲ್ಲ" ಎಂದ.

ಫೋಟೋದಲ್ಲಿದ್ದವರು ಆತನ ತಂದೆ. ಈತನ ತಂಗಿಯ ಮದುವೆಗೆ ಮನೆ ಮುಂದೆ ಚಪ್ಪರ ಹಾಕಿದ ದಿನ ತೆಗೆದದ್ದು. ನೇರಳೆ ಸೊಪ್ಪಿನ ಚಪ್ಪರದ ಕೆಳಗೆ ತಲೆಯನ್ನು ಹಿಂದಕ್ಕೆ ವಾಲಿಸಿ ನಿಂತಿದ್ದಾರೆ. ಬೆನ್ನ ಹಿಂದೆ ಕಣ್ಣು ಕುಕ್ಕುವ ಬಿಸಿಲು, ಮೈಮೇಲೆ ಬಿಳಿ ಶರ್ಟು, ಮುಖ ಮಾತ್ರ ಪೂರ್ತಿ ಕಪ್ಪು. ನಗುತ್ತಿದ್ದಾರೆ ಎಂದು ಗೊತ್ತಾಗುವುದು ಆ ತಲೆ ವಾಲಿದ ರೀತಿಯಿಂದಷ್ಟೇ.

"ಬೇರೆ ಫೋಟೋ ಇಲ್ವೇನಪ್ಪಾ? ಇದ್ರಲ್ಲಿ ಮುಖಾನೇ ಇಲ್ವಲ್ಲ."

"ಬೇಕಾದಷ್ಟಿವೆ ಅಕ್ಕಾ. ಎಲ್ಲಾದ್ರಲ್ಲೂ ಆಧಾರ್ ಕಾರ್ಡಿಗೆ ನಿಂತಂಗೆ ನಿಂತಿದ್ದಾರೆ. ಅಮ್ಮಂಗೆ ಈ ನಗೋದೇ ಬೇಕಂತೆ."

ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ವಿಷಯ ಹೇಳಿದ. ತಂಗಿಯ ಮದುವೆಯಾದ ಕೆಲವೇ ತಿಂಗಳಿಗೆ ತಂದೆ ತೀರಿಕೊಂಡರು. ಅದರ ಹಿಂದೆಯೇ ತಾಯಿಯ ಕಣ್ಣು ಕೈಕೊಡಲು ಶುರುವಾಯಿತು. ಕಣ್ಣಿನೊಳಗೆ ಪ್ರೆಷರ್ ಏರುವ ಕಾಯಿಲೆ, ಗ್ಲಾಕೋಮಾ. ಗೊತ್ತಾಗುವಷ್ಟರಲ್ಲಿ ದೃಷ್ಟಿ ಬಹಳಷ್ಟು ಹೋಗಿಬಿಟ್ಟಿತ್ತು. ಹೋದದ್ದು ಮತ್ತೆ ಬರುವುದಿಲ್ಲ. ಮುಂದಿನ ವಾರ ಆಪರೇಷನ್, ಅದೂ ಉಳಿದದ್ದನ್ನು ಕಾಪಾಡಿಕೊಳ್ಳುವುದಕ್ಕೆ. ಇರುವ ಚೂರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ.

"ಅಷ್ಟರೊಳಗೆ ಒಂದ್ಸಲ ನಿಮ್ಮಪ್ಪನ ಮುಖ ಸರಿಯಾಗಿ ನೋಡ್ಬೇಕು ಅಂತಾಳೆ ಅಕ್ಕಾ. ಅದ್ಕೇ ದೊಡ್ಡದು. ದೊಡ್ಡದಿದ್ರೆ ಕಾಣತ್ತೆ ಅಲ್ವಾ?"

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಕಾಣತ್ತೆ ಕಣಪ್ಪಾ ಅಂದೆ. ನಾನೂ ಹಾಗೇ ತಿಳಿದಿದ್ದೆ.

ಅವನ ಮೊಬೈಲಿನ ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡು ದೊಡ್ಡದು ಮಾಡಿದರೆ ಮುಖದ ಜಾಗದಲ್ಲಿ ಕಪ್ಪು ಕಪ್ಪು ತುಣುಕುಗಳು, ಅಷ್ಟೇ. ಒರಿಜಿನಲ್ ತನ್ನಿ ಎಂದು ಕಳಿಸಿದೆ. ಮರುದಿನ ಬೆಳಿಗ್ಗೆ ಮೇಲ್ ತೆರೆದರೆ ಆನೆ ಗಾತ್ರದ ಫೈಲು ಬಂದು ಕೂತಿದೆ. ಹಿಂದೆಯೇ ಫೋನು.

"ಟಿಫ್ ಮಾಡ್ಸಿ ಕಳ್ಸಿದೀನಿ ಅಕ್ಕಾ. ಪ್ರಿಂಟಿಗೆ ಟಿಫ್ಫೇ ಬೆಸ್ಟ್ ಅಂತ ನೆಟ್ಟಲ್ಲಿ ನೋಡ್ದೆ."

"ಯಾವ್ದನ್ನ ಟಿಫ್ ಮಾಡ್ಸಿದ್ರಿ?"

"ಅದೇ, ಗ್ರೂಪಲ್ಲಿ ಬಂದಿದ್ದನ್ನ."

ತಲೆ ಚಚ್ಚಿಕೊಂಡೆ. ನೆಟ್ಟಿನಲ್ಲಿ ಬರೆದದ್ದು ಸುಳ್ಳಲ್ಲ. ಜೆಪೆಗ್ ಅನ್ನುವ ಫೈಲು ಜಾಗ ಉಳಿಸುವುದಕ್ಕಾಗಿ, ಕಣ್ಣಿಗೆ ಗೊತ್ತಾಗದು ಅನ್ನಿಸಿದ ವಿವರಗಳನ್ನು ಬಿಸಾಕುತ್ತದೆ. ತಿದ್ದಿ ಮತ್ತೆ ಸೇವ್ ಮಾಡಿದ ಹಾಗೆಲ್ಲ ಇನ್ನಷ್ಟು ಬಿಸಾಕುತ್ತದೆ. ಗ್ರೂಪಿನಲ್ಲಿ ಕಳಿಸಿದರಂತೂ ಫೋಟೋ ಇನ್ನೂ ಕುಗ್ಗುತ್ತದೆ. ಟಿಫ್ ಹಾಗಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ. ಆದರೆ ಆಗಲೇ ಬಿಸಾಕಿದ್ದನ್ನು ಅದು ಎಲ್ಲಿಂದ ತರಬೇಕು? ಚೊಂಬಿನ ನೀರನ್ನು ಹಂಡೆಗೆ ಸುರಿದರೆ ಹಂಡೆ ದೊಡ್ಡದಿರುತ್ತದೆ, ನೀರು ಅಷ್ಟೇ ಇರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಿ, ಮದುವೆಗೆ ಫೋಟೋ ತೆಗೆದವರ ನಂಬರ್ ಕೊಡು ಮಾರಾಯ ಎಂದೆ.

ಫೋಟೋಗ್ರಾಫರ್ ವಿದ್ಯಾರಣ್ಯಪುರದವನು. ಒಳ್ಳೆಯ ಹುಡುಗ, ಕೇಳಿದ ಕೂಡಲೇ ಕ್ಯಾಮೆರಾದ ಪೂರ್ತಿ ಸೈಜಿನ ಜೆಪೆಗ್ಗನ್ನು ಲಿಂಕಿನಲ್ಲಿ ಕಳಿಸಿಕೊಟ್ಟ. ಈಗ ಅಳತೆಗೆ ಕೊರತೆಯಿರಲಿಲ್ಲ, ಶರ್ಟಿನ ನೂಲೂ ಕಾಣುತ್ತಿತ್ತು. ಕೊರತೆಯಿದ್ದದ್ದು ಮುಖಕ್ಕೇ. ಆ ಬಿಸಿಲಿನಲ್ಲಿ ಕ್ಯಾಮೆರಾ ಬಿಳಿ ಶರ್ಟನ್ನು ಉಳಿಸಿಕೊಂಡು ನೆರಳನ್ನು ಕೈಬಿಟ್ಟಿತ್ತು. ಕಪ್ಪನ್ನು ಸ್ವಲ್ಪ ಮೇಲೆತ್ತಿದರೆ, ಅಂದರೆ ಬೆಳಗಿಸಿದರೆ, ಕೆನ್ನೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಇನ್ನೂ ಎತ್ತಿದರೆ ಅಲ್ಲಲ್ಲಿ ತೇಪೆ ಹಾಕಿದಂತೆ ಒಡೆಯುತ್ತದೆ.

ಇದಕ್ಕೆ ನಮ್ಮ ಕಸುಬಿನಲ್ಲಿ ಒಂದು ಹಳೇ ಮದ್ದಿದೆ. ಚರ್ಮವನ್ನು ನುಣ್ಣಗೆ ಮಾಡುವುದು, ಆಮೇಲೆ ಬೆಳ್ಳಗೆ ಮಾಡುವುದು. ನಮ್ಮ ಕಡೆ ಯಾರೂ ಇದನ್ನು ಬೇಡ ಅನ್ನುವುದಿಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೂ "ಸ್ವಲ್ಪ ಕಲರ್ ಬರೋ ಹಂಗೆ ಮಾಡಿ" ಅನ್ನುತ್ತಾರೆ. ಮದುವೆ ಹೆಣ್ಣಿಗೆ ಮಾಡುತ್ತೇವೆ, ತಿಥಿಗೆ ಇಡುವ ಫೋಟೋಕ್ಕೂ ಮಾಡುತ್ತೇವೆ. ಕೇಳದಿದ್ದರೂ ಕೈ ತಾನಾಗಿ ಮಾಡಿಬಿಡುತ್ತದೆ. ಅವತ್ತೂ ಮಾಡಿತು. ಬೂದಿ ಹೋಯಿತು, ತೇಪೆ ಮುಚ್ಚಿಕೊಂಡಿತು, ಚಪ್ಪರದ ಕೆಳಗೆ ಗೋಧಿ ಬಣ್ಣದ ಒಬ್ಬ ಯಜಮಾನರು ನಿಂತರು. ಬಿಲ್ಡರ್ ಬಂದು ನೋಡಿ, "ಸೂಪರ್ ಅಕ್ಕಾ, ಅಪ್ಪ ಹೀರೋ ಥರ ಇದ್ದಾರೆ" ಎಂದ. ಹೊಳಪಿನ ಪೇಪರಿನ ಮೇಲೆ ಎರಡಡಿಗೆ ಮೂರಡಿ ಪ್ರಿಂಟ್ ತೆಗೆದು ಗೋಡೆಗೆ ನಿಲ್ಲಿಸಿದೆವು. ಮರುದಿನ ಮಧ್ಯಾಹ್ನ ಆತ ತಾಯಿಯನ್ನೇ ಕರೆದುಕೊಂಡು ಬಂದ.

ಪುಟ್ಟ ದೇಹದ ಹೆಂಗಸು. ಮೆಟ್ಟಿಲು ಹತ್ತುವಾಗ ಮಗ ಮೊಣಕೈ ಹಿಡಿದಿದ್ದ, ಆದರೂ ಒಳಗೆ ಬರುತ್ತಲೇ ಸ್ಟೂಲಿಗೆ ಎಡವಿದರು. "ಎಲ್ಲಾ ದಾರಿಗೇ ಮಡಗಿರ್ತಾರೆ" ಎಂದು ಸ್ಟೂಲನ್ನೇ ಬೈದು ಮುಂದೆ ಬಂದರು. ನನಗೆ ಆಗಲೇ ಇಷ್ಟವಾಗಿಬಿಟ್ಟರು.

ಫೋಟೋದ ಮೇಲಿನ ಲೈಟು ಹಾಕಿದೆ. ಅವರು ಮಾರು ದೂರದಲ್ಲಿ ನಿಂತು ತಲೆಯನ್ನು ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸತೊಡಗಿದರು.

"ಇದು ಕಿವಿ... ಇದು ಕಾಲರ್ರು... ಹಾಂ, ಮೀಸೆ."

"ಪೂರ್ತಿ ನೋಡಮ್ಮ" ಎಂದ ಮಗ.

"ನೋಡ್ತಾ ಇವ್ನಿ ಕಣೋ. ಒಂದ್ ಸಿಕ್ರೆ ಒಂದ್ ಓಯ್ತದೆ. ಲೈಟು ಬೇರೆ ಕುಕ್ತದೆ."

ಲೈಟು ಆರಿಸಿದೆ. ಇನ್ನೂ ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು, "ಮೀಸೆ ಏನೋ ಅವ್ರದೇ. ಬಣ್ಣ ಯಾರ್ದು ಕಣಮ್ಮ?"

"ಅಪ್ಪಾನೇ ಕಣಮ್ಮ, ಸ್ವಲ್ಪ ಬ್ರೈಟ್ ಮಾಡ್ಸಿದೀನಿ" ಎಂದ ಮಗ. ಅವರು ತಲೆಯಾಡಿಸಿದರು. ಮಗನ ಮನಸ್ಸು ನೋಯಬಾರದು ಅಂತ ಆಡಿಸಿದ ತಲೆ ಅದು. "ಚೆನ್ನಾಗೈತೆ ಬುಡು. ಮನೇಗ್ ತಕ್ಕಂಡ್ ಓಗಾಣ" ಎಂದು ಸೆರಗು ಸರಿಮಾಡಿಕೊಂಡರು.

ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಕೂತ್ಕೊಳ್ಳಿ ಅಮ್ಮ ಎಂದು ಅವರ ಕೈಹಿಡಿದು ಕೂರಿಸಿ, ಮೊದಲ ದಿನವೇ ಕೇಳಬೇಕಾದದ್ದನ್ನು ಆಗ ಕೇಳಿದೆ. "ನಿಮಗೆ ಹೆಂಗೆ ಕಾಣತ್ತೆ, ಸ್ವಲ್ಪ ಬಿಡಿಸಿ ಹೇಳಿ."

ಅವರು ಬೆರಳುಗಳನ್ನು ಸುರುಳಿ ಮಾಡಿ ಕಣ್ಣಿಗೆ ಇಟ್ಟುಕೊಂಡರು. "ಇಂಗೆ. ಪೈಪಲ್ಲಿ ನೋಡ್ದಂಗೆ. ಈಗ ನಿನ್ ಮೂಗು ಕಾಣ್ತದೆ, ಬಾಯಿ ಕಾಣ್ತದೆ. ಕೈ ಎಲ್ಲೈತೋ ಗೊತ್ತಾಗಾಕಿಲ್ಲ."

ನಾವು ಮಾಡಿದ್ದು ಪೂರ್ತಿ ತಿರುಗುಮುರುಗು. ಸುತ್ತಲಿನ ದೃಷ್ಟಿ ಹೋಗಿ ನಡುವೆ ಒಂದು ಕಿಂಡಿ ಮಾತ್ರ ಉಳಿದವರಿಗೆ ಫೋಟೋ ದೊಡ್ಡದಾದಷ್ಟೂ ಮುಖ ಚೂರು ಚೂರಾಗುತ್ತದೆ. ಹಿಂದಕ್ಕೆ ಹೋಗಿ ನಿಂತರೆ ಸಿಗಬಹುದೇನೋ ಎಂದು ಬಾಗಿಲಿನವರೆಗೂ ಕರೆದುಕೊಂಡು ಹೋದೆ. ಮುಖ ಒಟ್ಟಿಗೆ ಸಿಕ್ಕಿತಂತೆ, ಆದರೆ ಅಷ್ಟು ದೂರಕ್ಕೆ ಎಲ್ಲಾ ಮಬ್ಬು.

ಕಪ್ಪು ರಟ್ಟನ್ನು ಕತ್ತರಿಸಿ, ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಕಿಟಕಿ ಮಾಡಿದೆ. ಅದನ್ನು ಒಂದು ಕ್ಯಾಲೆಂಡರಿನ ಮೇಲಿಟ್ಟು ಅವರ ಕೈಗೆ ಕೊಟ್ಟೆ. ಹಿಡಿದರೆ ಆರಾಮವೆನಿಸುವ ದೂರದಲ್ಲಿ ಹಿಡಿಯಲಿ, ಒಳಗಿರುವುದೆಲ್ಲ ಒಂದೇ ನೋಟಕ್ಕೆ ಸಿಗಬೇಕು. ಕಿಟಕಿಯನ್ನು ನಾನು ಸ್ವಲ್ಪ ಸ್ವಲ್ಪವೇ ಅಗಲ ಮಾಡುತ್ತ ಹೋದೆ. "ಸಾಕು, ಇನ್ನು ದೊಡ್ಡದಾದ್ರೆ ಕೈ ತಪ್ತದೆ" ಅಂದರು. ಅಳೆದು ನೋಡಿದರೆ ಅಂಗೈಯಗಲ.

"ಇಷ್ಟೇ ಇಷ್ಟಾ?" ಮಗನ ಮುಖ ಸಣ್ಣದಾಯಿತು. "ಹಾಲಿನ ಗೋಡೇಲಿ ಜಾಗ ಬೇರೆ ಬಿಡ್ಸಿದೀನಿ ಅಕ್ಕಾ. ನಾಳೆ ಬಂದೋರು ಏನಂತಾರೆ?"

"ಬಂದೋರಿಗೆ ಆ ದೊಡ್ಡದು ತೋರ್ಸಿ. ಇದು ನಿಮ್ಮಮ್ಮಂಗೆ."

ಆಮೇಲೆ ಆತ ಒಂದು ನ್ಯಾಯವಾದ ಪ್ರಶ್ನೆ ಕೇಳಿದ. ಅಷ್ಟು ಚಿಕ್ಕದಾದರೆ ತಾನು ಮೊದಲು ತಂದ ಫೈಲೇ ಸಾಕಲ್ಲ, ಇಷ್ಟೆಲ್ಲ ಒದ್ದಾಟ ಯಾಕೆ? ಅಳತೆಗೆ ಸಾಕು, ಮುಖಕ್ಕೆ ಸಾಲದು ಎಂದೆ. ಈ ಕಾಯಿಲೆಯಲ್ಲಿ ಮಬ್ಬಿಗೂ ಮಬ್ಬಿಗೂ ನಡುವಿನ ವ್ಯತ್ಯಾಸ ಕಾಣುವುದು ಕಷ್ಟ. ಕೆನ್ನೆಯ ಕಪ್ಪು ಬೇರೆ, ಕಣ್ಣಿನ ಕೆಳಗಿನ ಕಪ್ಪು ಬೇರೆ ಅಂತ ಬಿಡಿಸಿ ತೋರಿಸಬೇಕು, ಆ ವಿವರ ಜೆಪೆಗ್ಗಿನಲ್ಲಿ ಉಳಿದೇ ಇಲ್ಲ. ಅದಿರುವುದು ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾದ ಕಣ್ಣಿಗೆ ಬಿದ್ದ ಬೆಳಕನ್ನೆಲ್ಲ ಏನೂ ಬಿಸಾಕದೆ ಇಟ್ಟುಕೊಂಡ ಮೂಲ ಫೈಲಿನಲ್ಲಿ. ರಾ ಅಂದರೆ ರುಬ್ಬಿದ ಹಿಟ್ಟು, ಜೆಪೆಗ್ ಅಂದರೆ ಹುಯ್ದಾದ ದೋಸೆ ಎಂದೆ. ದೋಸೆ ಸೀದಮೇಲೆ ನಾನೇನು ಮಾಡಲಿ, ಹಿಟ್ಟು ಉಳಿದಿದ್ದರೆ ಇನ್ನೊಂದು ಹುಯ್ಯಬಹುದು. ತಾಯಿಗೆ ನಗು ಬಂತು. "ಇಟ್ಟು ತಕ್ಕಂಡ್ ಬಾರೋ ಮಗ" ಎಂದರು.

ಫೋಟೋಗ್ರಾಫರನಿಗೆ ಫೋನ್ ಮಾಡಿದೆ.

"ರಾ ಫೈಲಾ? ಅಕ್ಕಾ, ಆಲ್ಬಂ ಕೊಟ್ಟಾದ್ಮೇಲೆ ರಾ ಎಲ್ಲ ಡಿಲೀಟ್ ಮಾಡ್ಬಿಡ್ತೀನಿ. ಎಷ್ಟು ಡಿಸ್ಕ್ ಅಂತ ತಗೊಳ್ಳೋದು" ಎಂದ. ಎದುರಿಗೆ ಕೂತ ತಾಯಿಗೆ ಕೇಳಿಸಬಾರದೆಂದು ಹಿಂದಿನ ಕೋಣೆಗೆ ಹೋದೆ. ಒಂದ್ಸಲ ನೋಡು ಗುರು, ನಿನ್ ಕಾಲಿಗೆ ಬೀಳ್ತೀನಿ ಎಂದು ಗೋಗರೆದೆ. ಅವನು ಫೋನ್ ಇಟ್ಟು, ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಮಾಡಿದ.

"ಇದೆ ಅಕ್ಕಾ. ಆ ಮದುವೆ ಆಲ್ಬಮ್ಮೇ ಇನ್ನೂ ಆಗಿಲ್ಲ. ಯಾವ್ ಯಾವ್ ಫೋಟೋ ಹಾಕ್ಬೇಕು ಅಂತ ಆರಿಸಿ ಕೊಡಿ ಅಂತ ಎಷ್ಟು ಸಲ ಕೇಳ್ದೆ, ಕೊಡ್ಲೇ ಇಲ್ಲ ಅವ್ರು. ಅದ್ಕೇ ಹಂಗೇ ಉಳ್ಕೊಂಡಿದೆ."

ಮದುವೆಯಾಗಿ ಇಷ್ಟು ಕಾಲವಾದರೂ ಆಲ್ಬಂ ಯಾಕೆ ಮಾಡಿಸಲಿಲ್ಲ ಎಂದು ಮಗನನ್ನು ಕೇಳಿದೆ. ಆತ ಹೊರಗೆ ರಸ್ತೆಯ ಕಡೆ ನೋಡುತ್ತ ಹೇಳಿದ. "ಅಪ್ಪ ಹೋದ್ಮೇಲೆ ಆ ಫೋಟೋಗಳ್ನ ತೆಗ್ದು ಕೂತ್ಕೊಳ್ಳೋ ಧೈರ್ಯ ಯಾರಿಗೂ ಬರ್ಲಿಲ್ಲ ಅಕ್ಕಾ. ಇವತ್ತು ನಾಳೆ ಅಂತ ಹಂಗೇ ಬಿಟ್ವಿ."

ಲಿಂಕ್ ಕಳಿಸುತ್ತೇನೆ ಎಂದು ಫೋಟೋಗ್ರಾಫರ್ ಹೇಳಿದರೂ ಕೇಳದೆ, ನನ್ನ ಹಾರ್ಡ್‌ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ವಿದ್ಯಾರಣ್ಯಪುರದ ಬಸ್ಸು ಹತ್ತಿದೆ. ಅಷ್ಟರೊಳಗೆ ಆ ಫೈಲಿಗೆ ಏನಾದರೂ ಆಗಿಹೋದರೆ ಅನ್ನುವ ಭಯ. ಅವನು ಮದುವೆಯ ಫೋಲ್ಡರ್ ತೆರೆದು, ಚಪ್ಪರದ ದಿನದ್ದನ್ನು ಹುಡುಕಿ, ಆ ಫೋಟೋ ಬಂದಾಗ ಮೌಸ್ ಬಿಟ್ಟು ಕೂತ. "ಆವತ್ತು ನನ್ನ ಎಳ್ಕೊಂಡೋಗಿ ಊಟಕ್ಕೆ ಕೂರ್ಸಿದ್ದು ಇವ್ರೇ ಅಕ್ಕಾ. ಫೋಟೋ ಆಮೇಲೆ ತೆಗೀವಂತೆ, ಮೊದ್ಲು ಉಣ್ಣು ಅಂದ್ರು" ಎಂದ. ಕಾಪಿ ಮಾಡಿಕೊಂಡು, ಅಲ್ಲೇ ಒಂದು ಸಲ ತೆರೆದು ನೋಡಿ ಖಾತ್ರಿಪಡಿಸಿಕೊಂಡು ಹೊರಟೆ.

ಅಂಗಡಿಯಲ್ಲಿ ರಾ ಫೈಲನ್ನು ತೆರೆದು ನೆರಳನ್ನು ನಿಧಾನಕ್ಕೆ ಮೇಲೆತ್ತಿದೆ. ಬೂದಿಯಾಗಲಿಲ್ಲ. ಹಣೆಯ ಗೆರೆಗಳು ಬಂದವು, ರೆಪ್ಪೆ ಬಂತು, ಕಣ್ಣಿನ ಬದಿಯ ಸುಕ್ಕು ಬಂತು. ಇಷ್ಟು ದಿನ ಕತ್ತಲೆಯಲ್ಲಿ ನಿಂತಿದ್ದ ಮನುಷ್ಯ ಇಷ್ಟೊಂದು ನಗುತ್ತಿದ್ದರೇ ಅನ್ನಿಸಿ ನನಗೂ ನಗು ಬಂತು. ನೇರಳೆ ಸೊಪ್ಪಿನ ಹಸಿರು ಒಂದು ಕೆನ್ನೆಗೆ ಹತ್ತಿತ್ತು, ಅದನ್ನಷ್ಟೇ ಕಡಿಮೆ ಮಾಡಿದೆ. ಶರ್ಟಿನ ಬಿಳಿ ಕಣ್ಣಿಗೆ ಹೊಡೆಯದಂತೆ ತಗ್ಗಿಸಿದೆ. ತುಟಿಯ ಕೊನೆಯಲ್ಲಿ ಏನೋ ಕೆಂಪು ಕಲೆಯಂತೆ ಕಂಡಿತು. ಒರೆಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಒಂದು ಸಲ ನನ್ನ ಬುದ್ಧಿ ಖರ್ಚು ಮಾಡಿ ಆಗಿತ್ತು, ಇನ್ನು ಕ್ಯಾಮೆರಾ ಕಂಡದ್ದೇ ಇರಲಿ ಎಂದು ಬಿಟ್ಟೆ.

ಉಳಿದದ್ದು ಬಣ್ಣದ ಪ್ರಶ್ನೆ. ತಾಯಿಗೇ ಫೋನ್ ಮಾಡಿ, ಯಜಮಾನ್ರು ಎಷ್ಟು ಕಪ್ಪಿದ್ರಮ್ಮ ಎಂದೆ.

"ನನ್ ಮಗನ್ನ ನೋಡಿದ್ಯಲ್ಲ? ಅವನ್ಗಿಂತ ಒಂದ್ ಕೈ ಮೇಲೆ" ಎಂದು ನಕ್ಕರು.

ಬಿಲ್ಡರನ್ನು ಕರೆಸಿ, ಶರ್ಟಿನ ತೋಳು ಮೇಲೇರಿಸಿ ಕೂರಿಸಿದೆ. ಈ ಸಲ ಹೊಳಪಿಲ್ಲದ ಮ್ಯಾಟ್ ಪೇಪರು, ಬೆಳಕು ಕುಕ್ಕಬಾರದು ನೋಡಿ. ತಿದ್ದಿದ್ದನ್ನು ಈಗ ಟಿಫ್ ಮಾಡಿ ಇಟ್ಟುಕೊಂಡೆ, ಈ ಸಲ ಅದಕ್ಕೆ ಅರ್ಥವಿತ್ತು. ಎಷ್ಟು ಸಲ ತೆರೆದು ಮುಚ್ಚಿದರೂ ಅದು ಏನನ್ನೂ ಕಳೆದುಕೊಳ್ಳುವುದಿಲ್ಲ. ಮುಖದ ಒಂದು ಪಟ್ಟಿಯನ್ನಷ್ಟೇ ಪ್ರಿಂಟ್ ತೆಗೆದು, ಬಾಗಿಲ ಬೆಳಕಿನಲ್ಲಿ ಆತನ ಕೈಯ ಪಕ್ಕ ಹಿಡಿದು ನೋಡಿದೆ. ಮ್ಯಾಟ್ ಪೇಪರು ಇಂಕು ಕುಡಿಯುತ್ತದೆ, ಮೊದಲ ಪಟ್ಟಿ ತೀರಾ ಕಪ್ಪಾಯಿತು. ಮುಂದಿನದು ಕೆಂಪಗಾಯಿತು. ಇನ್ನೊಂದು, ಮತ್ತೊಂದು. ಕೊನೆಗೆ ಒಂದು ಪಟ್ಟಿ ಆತನ ಕೈಗಿಂತ ಒಂದೇ ಒಂದು ಮೆಟ್ಟಿಲು ಕಪ್ಪಾಗಿ, ಜೀವಂತ ಚರ್ಮದ ಹಾಗೆ ಬಂತು. ಆತ ಅದನ್ನು ನೋಡುತ್ತಲೇ ಇದ್ದ. "ಅಪ್ಪನ ಕೈ ಹಿಂಗೇ ಇತ್ತಕ್ಕಾ" ಎಂದು ತೋಳು ಇಳಿಸಿಕೊಂಡ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ತಾಯಿ ಮಗ ಬಂದರು. ಬಾಗಿಲ ಪಕ್ಕ, ಬೆಳಕು ಬೆನ್ನಿಗೆ ಬರುವ ಹಾಗೆ ಕುರ್ಚಿ ಹಾಕಿ ಕೂರಿಸಿ ಫೋಟೋವನ್ನು ಅವರ ಅಂಗೈಯಲ್ಲಿಟ್ಟೆ. ಕೈ ಸ್ವಲ್ಪ ಮುಂದೆ ಚಾಚಿದರು, ಸ್ವಲ್ಪ ಎಡಕ್ಕೆ ತಂದರು, ಆಮೇಲೆ ಅಲ್ಲೇ ನಿಲ್ಲಿಸಿದರು. ತಲೆ ಆಡಿಸಲಿಲ್ಲ, ಹುಡುಕಲಿಲ್ಲ.

"ಎಲೆ ಅಡ್ಕೆ ಆಕ್ಕೊಂಡವ್ರೆ" ಅಂದರು.

ನನಗೆ ಅರ್ಥವಾಗಲಿಲ್ಲ. ಮಗ ಬಗ್ಗಿ ನೋಡಿದ.

"ತುಟಿ ನೋಡೋ, ಕೆಂಪಗೈತೆ. ಅದ್ಕೇ ಬಾಯಿ ಮುಚ್ಕೊಂಡ್ ನಗ್ತಾವ್ರೆ, ನಂಗ್ ಗೊತ್ತಾಗಬಾರ್ದು ಅಂತ." ಅವರ ಮುಖದಲ್ಲಿ ನಗುವಿತ್ತು. ಯಜಮಾನರಿಗೆ ಡಾಕ್ಟರು ಎಲೆ ಅಡಿಕೆ ಬಿಡಿಸಿದ್ದರಂತೆ. ಮಗಳ ಮದುವೆ ಮುಗಿಯುವವರೆಗಂತೂ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರಂತೆ. ಮಗ ಕಣ್ಣೊರೆಸಿಕೊಂಡು ರಸ್ತೆಗೆ ಇಳಿದು ನಿಂತ.

ತಾಯಿಗೆ ನಾವ್ಯಾರೂ ಬೇಕಿರಲಿಲ್ಲ. ಫೋಟೋವನ್ನು ಹಾಗೇ ಹಿಡಿದು ಸಣ್ಣ ದನಿಯಲ್ಲಿ ಶುರುಮಾಡಿದರು. "ಅಲ್ಲಾ, ನನ್ ತಲೆ ಮೇಲೆ ಕೈ ಮಡಗಿ ಏಳಿರ್ಲಿಲ್ವಾ ನೀವು? ಏಳ್ರೀ. ಮನೆ ತುಂಬಾ ನೆಂಟ್ರು, ನಾನ್ ಅಡ್ಗೆ ಮನೇಲಿ ಒದ್ದಾಡ್ತಾ ಇದ್ರೆ ನೀವ್ ಚಪ್ಪರದ ಕೆಳ್ಗೆ..."

ನಾನು ಹೊರಗೆ ಬಂದೆ. ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕೆಂದು ಯಾರೋ ಒಬ್ಬರು ಮೆಟ್ಟಿಲು ಹತ್ತುತ್ತಿದ್ದರು. ಅವರನ್ನು ಅಲ್ಲೇ ತಡೆದೆ.

"ಅರ್ಧ ಗಂಟೆ ಬಿಟ್ಟು ಬನ್ನಿ ಸಾರ್" ಎಂದೆ. "ಒಳಗೆ ಗಂಡ ಹೆಂಡ್ತಿ ಮಾತಾಡ್ತಿದ್ದಾರೆ."